ವೈಟ್‌ಫೀಲ್ಡ್‌ನಿಂದ ಪೀಣ್ಯಕ್ಕೆ ಎರಡು ಆಲ್ಬಂ ದೂರ

ವೈಟ್‌ಫೀಲ್ಡ್‌ನಿಂದ ಪೀಣ್ಯ ಎಷ್ಟು ದೂರ ಅಂತ ಕೇಳಿದರೆ ಬೆಂಗಳೂರಿನಲ್ಲಿ ಯಾರೂ ಕಿಲೋಮೀಟರ್ ಹೇಳಲ್ಲ, ಗಂಟೆ ಹೇಳ್ತಾರೆ. ನಾನು ಈಗೀಗ ಆಲ್ಬಂ ಲೆಕ್ಕ ಹೇಳ್ತೀನಿ. ಕಾಡುಗೋಡಿಯಲ್ಲಿ ನೇರಳೆ ಮೆಟ್ರೊ ಹತ್ತಿ ಒಂದು ಆಲ್ಬಂ ಹಚ್ಚಿದರೆ ಇಂದಿರಾನಗರದ ಹೊತ್ತಿಗೆ ಮುಗಿಯುತ್ತೆ. ಎರಡನೆಯದು ಮುಗಿಯೋದರೊಳಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಜನಜಂಗುಳಿಯಲ್ಲಿ ತಳ್ಳಿಸಿಕೊಂಡು, ಹಸಿರು ಮಾರ್ಗ ಹಿಡಿದು ಪೀಣ್ಯದ ಶೆಡ್ಡುಗಳ ತಗಡಿನ ಸೂರು ಕಾಣುತ್ತಾ ಇರುತ್ತೆ.

ಮೊನ್ನೆ ಭಾನುವಾರ ಹಾಗೇ ಹೊರಟೆ. ಪೀಣ್ಯದಲ್ಲಿ ನನ್ನ ಸೋದರಮಾವ ಮನೆ ಖಾಲಿ ಮಾಡ್ತಿದ್ದ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪವರ್ ಪ್ರೆಸ್ಸು, ಲೇತು ಅಂತ ಬದುಕಿದವನು, ಇನ್ನು ಸಾಕು ಅಂತ ಶಿಗ್ಗಾವಿ ಕಡೆಗೆ, ಊರಿಗೆ ಹೊರಟಿದ್ದ. ಸಾಮಾನು ಕಟ್ಟಲಿಕ್ಕೆ ಬಾ ಅಂತ ಫೋನ್ ಮಾಡಿದ್ದು ಅತ್ತೆ. ಮಾಮ ತಾನಾಗಿ ಕರೆಯುವವನಲ್ಲ. ನಮ್ಮಿಬ್ಬರ ನಡುವೆ ಒಂದು ಹಾಡಿನ ಜಗಳ ಇತ್ತು. ಹಳೇದು, 2009ರದು. ಅದರ ಬಗ್ಗೆ ಆಮೇಲೆ ಇಬ್ಬರೂ ಮಾತಾಡಿರಲಿಲ್ಲ.

ಮೊದಲು ವೈಟ್‌ಫೀಲ್ಡ್ ಹೇಳ್ತೀನಿ.

ನಾನಿರೋದು ಇನ್ನರ್ ಸರ್ಕಲ್ ಹತ್ತಿರ. ಐಟಿಪಿಎಲ್ ಗಾಜಿನ ಕಟ್ಟಡ ನೋಡಿದವರಿಗೆ ವೈಟ್‌ಫೀಲ್ಡ್‌ಗೆ ಒಂದು ಹಳೇ ಊರು ಇದೆ ಅಂತಾನೇ ಗೊತ್ತಿರಲ್ಲ. 1882ರಲ್ಲಿ ಡಿ.ಎಸ್. ವೈಟ್ ಎಂಬಾತ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬದುಕಲಿ ಅಂತ ಕಟ್ಟಿಸಿದ ಊರಿದು. ಜಾಗ ಕೊಟ್ಟವರು ಮೈಸೂರು ಮಹಾರಾಜರು, ಸುಮಾರು 3,900 ಎಕರೆ. ಹೆಸರಿನಲ್ಲಿರುವ 'ವೈಟ್' ಬಣ್ಣದ್ದಲ್ಲ, ಆ ಮನುಷ್ಯನದು. ದುಂಡಗಿನ ರಸ್ತೆ, ಅದರ ಸುತ್ತ ಹೆಂಚಿನ ಮನೆಗಳು, ಜಗುಲಿ, ಹಿತ್ತಲಲ್ಲಿ ಮಾವಿನಮರ. ಅಂಥ ಮನೆಗಳು ಈಗ ಬೆರಳೆಣಿಕೆಯಷ್ಟು. ಉಳಿದವೆಲ್ಲ ಅಪಾರ್ಟ್‌ಮೆಂಟು, ಪಿಜಿ, ಕೆಫೆ.

ಉಳಿದಿರುವ ಒಂದು ಮನೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಅಂಕಲ್ ಇದ್ದಾರೆ. ಭಾನುವಾರ ಬೆಳಗ್ಗೆ ಚರ್ಚಿನಿಂದ ಬಂದ ಮೇಲೆ ಅವರ ಕಿಟಕಿಯಿಂದ ಜಿಮ್ ರೀವ್ಸ್ ದನಿ ಬರುತ್ತೆ. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕಂಟ್ರಿ ಸಂಗೀತ ಅಂದರೆ ನಮ್ಮ ಮನೆಯಲ್ಲಿ ಪಿ.ಬಿ. ಶ್ರೀನಿವಾಸ್ ಇದ್ದ ಹಾಗೆ. ಅಮೆರಿಕದ ಹಳ್ಳಿಗರ, ಗಿರಣಿ ಕೂಲಿಗಳ, ಲಾರಿ ಡ್ರೈವರುಗಳ ಹಾಡು ಅದು. ಪಿಟೀಲು, ಬ್ಯಾಂಜೊ, ಮತ್ತು ಪೆಡಲ್ ಸ್ಟೀಲ್ ಗಿಟಾರ್ ಅನ್ನೋ ಒಂದು ವಾದ್ಯ. ಅದನ್ನು ಮೇಜಿನ ಹಾಗೆ ಮುಂದಿಟ್ಟುಕೊಂಡು, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ, ಕಾಲಲ್ಲಿ ಪೆಡಲ್ ಒತ್ತಿ ನುಡಿಸ್ತಾರೆ. ಸ್ವರ ಒಂದರಿಂದ ಇನ್ನೊಂದಕ್ಕೆ ಜಾರುತ್ತೆ, ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ.

ಒಂದಿನ ಅಂಕಲ್ ಮನೆಯಲ್ಲಿ ರೆಕಾರ್ಡ್ ರಾಶಿ ನೋಡ್ತಾ ಕೂತಿದ್ದೆ. ಒಂದರ ಕವರ್ ಮೇಲೆ ಹೂಗಳ ನಡುವೆ ನಗ್ತಾ ನಿಂತಿರುವ ಕೌಗರ್ಲ್ ಚಿತ್ರ. 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ', ದಿ ಬರ್ಡ್ಸ್, 1968. ಆಸ್ಟ್ರೇಲಿಯಾಕ್ಕೆ ಹೋದ ಮಗ ಬಿಟ್ಟುಹೋಗಿದ್ದಂತೆ. "ಉದ್ದ ಕೂದಲಿನ ಹುಡುಗರು. ಕಂಟ್ರೀನ ಹಾಳು ಮಾಡಿದರು" ಅಂದರು ಅಂಕಲ್. ತಮಿಳು ಬೆರೆಸಿದ ಅವರ ಕನ್ನಡದಲ್ಲಿ ಅದು ಇನ್ನೂ ಖಾರವಾಗಿ ಕೇಳಿಸಿತು. ಆ ಮಾತು ನನಗೆ ಹೊಸದಾಗಿರಲಿಲ್ಲ. ಅದನ್ನೇ ಬೇರೆ ಕನ್ನಡದಲ್ಲಿ ಪೀಣ್ಯದಲ್ಲಿ ಕೇಳಿದ್ದೆ. ಮನೆಗೆ ಬಂದು ಫೋನಲ್ಲಿ ಹುಡುಕಿ ಆ ಆಲ್ಬಂ ಡೌನ್‌ಲೋಡ್ ಮಾಡಿಕೊಂಡೆ.

ಭಾನುವಾರ ಮೆಟ್ರೊದಲ್ಲಿ ಕೂತು ಹಚ್ಚಿದ್ದು ಅದನ್ನೇ.

ಇದರ ಕಥೆ ಗೊತ್ತಾದರೆ ಹಾಡು ಬೇರೆ ಥರ ಕೇಳುತ್ತೆ. ಬರ್ಡ್ಸ್ ಅಂದರೆ ಲಾಸ್ ಏಂಜಲೀಸ್‌ನ ರಾಕ್ ತಂಡ, ಆ ಕಾಲಕ್ಕೆ ದೊಡ್ಡ ಹೆಸರು. 1968ರ ಆರಂಭದಲ್ಲಿ ಆ ತಂಡಕ್ಕೆ ಗ್ರಾಮ್ ಪಾರ್ಸನ್ಸ್ ಅನ್ನೋ 21ರ ಹುಡುಗ ಸೇರ್ತಾನೆ. ಬೆಳೆದದ್ದು ಜಾರ್ಜಿಯಾದ ವೇಕ್ರಾಸ್ ಅನ್ನೋ ಸಣ್ಣ ಊರಲ್ಲಿ. ಹಾಗಂತ ಬಡವನಲ್ಲ. ತಾಯಿಯ ಕಡೆಯವರು ಫ್ಲಾರಿಡಾದಲ್ಲಿ ಕಿತ್ತಳೆ ತೋಟದ ದೊಡ್ಡ ಸಾಹುಕಾರರು. ಹಾರ್ವರ್ಡ್‌ಗೂ ಸೇರಿ ಬಿಟ್ಟುಬಂದವನು. ಅದಕ್ಕೂ ಮೊದಲು ಇಂಟರ್‌ನ್ಯಾಷನಲ್ ಸಬ್‌ಮರೀನ್ ಬ್ಯಾಂಡ್ ಅನ್ನೋ ವಿಚಿತ್ರ ಹೆಸರಿನ ತಂಡದ ಜೊತೆ 'ಸೇಫ್ ಅಟ್ ಹೋಮ್' ಅಂತ ಒಂದು ಆಲ್ಬಂ ಮಾಡಿದ್ದ. ಕಂಟ್ರಿ ರಾಕ್‌ನ ಮೊದಮೊದಲ ಆಲ್ಬಂ ಅದು ಅನ್ನುವವರಿದ್ದಾರೆ. ಅದು ಅಂಗಡಿಗೆ ಬರೋ ಹೊತ್ತಿಗೆ ತಂಡವೇ ಇರಲಿಲ್ಲ.

ಅವನ ತಲೆಯಲ್ಲಿದ್ದದ್ದು ಒಂದೇ. ಹಳ್ಳಿಗರ ಹಾಡೂ ರಾಕ್ ಕೇಳುವ ಹುಡುಗರ ಹಾಡೂ ಬೇರೆ ಬೇರೆ ಯಾಕಿರಬೇಕು? ಬರ್ಡ್ಸ್ ತಂಡದ ರಾಜರ್ ಮೆಗ್ವಿನ್, ಕ್ರಿಸ್ ಹಿಲ್‌ಮನ್ ಇಬ್ಬರನ್ನೂ ಒಪ್ಪಿಸಿ ಆ ಮಾರ್ಚ್‌ನಲ್ಲಿ ಎಲ್ಲರೂ ನ್ಯಾಶ್‌ವಿಲ್‌ಗೆ ಹೋದರು, ಕಂಟ್ರಿಯ ತವರಿಗೆ. ಅಲ್ಲಿನ ಲಾಯ್ಡ್ ಗ್ರೀನ್ ಸ್ಟೀಲ್ ಗಿಟಾರ್ ನುಡಿಸಿದರು. ಹಿಲ್‌ಮನ್‌ಗಂತೂ ಇದು ಹೊಸದಲ್ಲ, ರಾಕ್‌ಗೆ ಬರುವ ಮೊದಲು ಅವನು ಮ್ಯಾಂಡೊಲಿನ್ ಹಿಡಿದು ಹಳೇ ಶೈಲಿಯ ಬ್ಲೂಗ್ರಾಸ್ ನುಡಿಸುತ್ತಿದ್ದವನೇ.

ಗರುಡಾಚಾರ್‌ಪಾಳ್ಯ ಬರೋ ಹೊತ್ತಿಗೆ 'ಹಿಕರಿ ವಿಂಡ್' ಶುರುವಾಗಿತ್ತು. ಪಾರ್ಸನ್ಸ್ ಗೆಳೆಯ ಬಾಬ್ ಬುಕ್ಯಾನನ್ ಜೊತೆ ಸೇರಿ ರೈಲಿನಲ್ಲಿ ಬರೆದು ಮುಗಿಸಿದ ಹಾಡು. ದೂರದ ಊರಲ್ಲಿ ಕೂತವನಿಗೆ ಮನೆ ಕಡೆಯ ಮರದ ಗಾಳಿ ನೆನಪಾಗೋದು, ಅಷ್ಟೇ ವಿಷಯ. ಗೋಡೆ ಪಕ್ಕದ ಸೀಟಲ್ಲಿ ಒಬ್ಬ ಸೆಕ್ಯೂರಿಟಿ ಗಾರ್ಡ್, ಯೂನಿಫಾರ್ಮ್‌ನಲ್ಲೇ, ವಿಡಿಯೊ ಕಾಲ್‌ನಲ್ಲಿ ಮಗುವಿಗೆ ಕಿಟಕಿಯಾಚೆ ತೋರಿಸ್ತಿದ್ದ. ಯಾವ ಭಾಷೆಯೋ ಗೊತ್ತಾಗಲಿಲ್ಲ. ಕೆ.ಆರ್. ಪುರದಲ್ಲಿ ಇಳಿದು ಹೋದ.

1968ರ ಮಾರ್ಚ್ 15. ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ಗ್ರಾಂಡ್ ಓಲ್ ಆಪ್ರಿ. ದಶಕಗಳಿಂದ ರೇಡಿಯೊದಲ್ಲಿ ಬರುತ್ತಿದ್ದ ಕಾರ್ಯಕ್ರಮ, ಕಂಟ್ರಿಯವರಿಗೆ ದೇವಸ್ಥಾನ ಇದ್ದ ಹಾಗೆ. ಅಲ್ಲಿ ಈ ಉದ್ದ ಕೂದಲಿನವರು ಹತ್ತಿದಾಗ ಜನ ಕೂಗಾಡಿದರು. ಹಕ್ಕಿಗಳ ಹಾಗೆ ಚಿಂವ್‌ಚಿಂವ್ ಅಂತ ಅಣಕಿಸಿದರಂತೆ. ಎರಡನೇ ಹಾಡೂ ಮರ್ಲ್ ಹ್ಯಾಗರ್ಡ್ ಅವರದು ಅಂತ ನಿರೂಪಕರು ಹೇಳಿಬಿಟ್ಟಿದ್ದರು. ಪಾರ್ಸನ್ಸ್ ಅಲ್ಲೇ ಮನಸ್ಸು ಬದಲಿಸಿ, ಇದು ನಮ್ಮ ಅಜ್ಜಿಗೆ ಅಂತ ಹೇಳಿ 'ಹಿಕರಿ ವಿಂಡ್' ಹಾಡಿಬಿಟ್ಟ. ಆಪ್ರಿಯವರಿಗೆ ಕೋಪ ಬಂತು. ಅತ್ತ ಹಳಬರು ಒಪ್ಪಲಿಲ್ಲ, ಇತ್ತ ರಾಕ್ ಅಭಿಮಾನಿಗಳಿಗೂ ಇದೇನಿದು ಅನ್ನಿಸಿತು. ಆಗಸ್ಟ್‌ನಲ್ಲಿ ಬಂದ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 77ರಿಂದ ಮೇಲೆ ಹತ್ತಲಿಲ್ಲ. ಪಾರ್ಸನ್ಸ್ ಹಳೇ ಕಂಪನಿಯ ಜೊತೆಗಿನ ಕರಾರಿನ ತಕರಾರಿನಿಂದಾಗಿ ಅವನು ಹಾಡಿದ್ದ ಕೆಲವು ಹಾಡುಗಳಿಗೆ ಮೆಗ್ವಿನ್ ದನಿ ಕೂರಿಸಬೇಕಾಯಿತು. ಆಲ್ಬಂ ಅಂಗಡಿಗೆ ಬರುವ ಮೊದಲೇ ಅವನು ತಂಡವನ್ನೂ ಬಿಟ್ಟಿದ್ದ, ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಬರಲ್ಲ ಅಂತ. 1973ರಲ್ಲಿ, 26ನೇ ವಯಸ್ಸಿಗೆ ತೀರಿಕೊಂಡ. ಈಗ ಕಂಟ್ರಿ ರಾಕ್ ಅಂದ ಕೂಡಲೇ ಎಲ್ಲರೂ ಮೊದಲು ಹೆಸರಿಸುವ ಆಲ್ಬಂಗಳಲ್ಲಿ ಅದೂ ಒಂದು.

ಇಂದಿರಾನಗರ ಬಂತು. ಆಲ್ಬಂ ಬದಲಿಸಿದೆ.

ಎರಡನೆಯದು 'ಅಂತರಾಗ್ನಿ', ರಘು ದೀಕ್ಷಿತ್ ಪ್ರಾಜೆಕ್ಟ್, 2008. ಇಂದಿರಾನಗರದಲ್ಲಿ ಬದಲಿಸಿದ್ದು ಕಾಕತಾಳೀಯ, ಆದರೂ ಸರಿಯಾಗೇ ಇತ್ತು. ಬೆಂಗಳೂರು ರಾಕ್ ಬೆಳೆದದ್ದು ಈ ಕಡೆಯ ಪಬ್‌ಗಳಲ್ಲೂ ಕಾಲೇಜು ಫೆಸ್ಟ್‌ಗಳಲ್ಲೂ ತಾನೇ. ಅಲ್ಲಿ ಬಹುಪಾಲು ಇಂಗ್ಲಿಷೇ. 1996ರಿಂದ ನುಡಿಸುತ್ತಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ತಮ್ಮದನ್ನು 'ಬ್ಯಾಂಗಲೋರ್ ರಾಕ್' ಅಂತಲೇ ಕರೆದುಕೊಂಡಿತು, ಹಾಡು ಮಾತ್ರ ಇಂಗ್ಲಿಷ್. ಅಂಥ ಕಡೆ ಒಬ್ಬ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶಿಶುನಾಳ ಷರೀಫರ ಪದ ಹಾಡ್ತಾನೆ ಅಂದರೆ!

ರಘು ದೀಕ್ಷಿತ್ ಹುಟ್ಟಿದ್ದು ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಲ್ಲಿ. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ, ಜೊತೆಗೆ ಭರತನಾಟ್ಯ. ಕಾಲೇಜಿನಲ್ಲಿ ಗೆಳೆಯನೊಬ್ಬನ ಜೊತೆ ಪಂಥ ಕಟ್ಟಿ ಗಿಟಾರ್ ಕಲಿತದ್ದಂತೆ. ವರ್ಷಗಟ್ಟಲೆ ಯಾವ ಕಂಪನಿಯೂ ಆಲ್ಬಂ ಮಾಡಲು ಮುಂದೆ ಬರಲಿಲ್ಲ. ಕೊನೆಗೆ ಮುಂಬೈಯ ವಿಶಾಲ್–ಶೇಖರ್ ಜೋಡಿ ಹಾಡು ಕೇಳಿ, ತಮ್ಮದೇ ಲೇಬಲ್‌ನಿಂದ ಹೊರತಂದರು. ಎಂಟು ಹಾಡು. ಹಿಂದಿ, ಇಂಗ್ಲಿಷ್ ಎಲ್ಲ ಇವೆ. ಕನ್ನಡದ್ದು ಎರಡು, ಎರಡೂ ಷರೀಫರವು: ಒಂದು ಗುಡುಗುಡಿಯ ಹಾಡು, ಇನ್ನೊಂದು ಸೋರುವ ಮಾಳಿಗೆಯ ಹಾಡು. ಅದರ ಮರುವರ್ಷವೇ ವಾಸು ದೀಕ್ಷಿತ್ ಅವರ ಸ್ವರಾತ್ಮ ತಂಡದ ಮೊದಲ ಆಲ್ಬಂ ಬಂತು, ಅವರು ವೇದಿಕೆ ಮೇಲೆ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡೇ ಹಾಡುತ್ತಿದ್ದರು. ಆ ಎರಡು ವರ್ಷ ನಮ್ಮಂಥ ಹುಡುಗರಿಗೆ ಹಬ್ಬ. ಕಾಲೇಜಲ್ಲಿ ಕನ್ನಡ ಹಾಡು ಕೇಳ್ತೀನಿ ಅಂತ ಹೇಳಿಕೊಳ್ಳಲಿಕ್ಕೆ ಮೊದಲ ಸಲ ನಾಚಿಕೆ ಆಗಲಿಲ್ಲ. 2010ರಲ್ಲಿ ರಘು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು, ಮರುವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಬಂತು. ಹಾವೇರಿ ಜಿಲ್ಲೆಯ ಪದ ಲಂಡನ್ನಿಗೆ ಹೋಯಿತು.

ಆದರೆ ಪೀಣ್ಯದ ನಮ್ಮ ರೂಮಿಗೆ ಅದು ಹೋಗಲಿಲ್ಲ.

ಇಂಜಿನಿಯರಿಂಗ್ ಸೇರಿದಾಗ ನಾನು ಮಾಮನ ಮನೆಯಲ್ಲಿದ್ದೆ. ಹುಬ್ಬಳ್ಳಿ ಕಡೆಯ ಬಸ್ಸುಗಳು ತುಮಕೂರು ರಸ್ತೆಯಿಂದ ಊರಿಗೆ ಬರುತ್ತವೆ. ಹಾಗೆ ಬಂದ ನಮ್ಮ ಜನ ಇಳಿದಲ್ಲೇ ಉಳಿದುಬಿಟ್ಟರು: ಪೀಣ್ಯ, ಲಗ್ಗೆರೆ, ಹೆಗ್ಗನಹಳ್ಳಿ, ದಾಸರಹಳ್ಳಿ. ಜೋಳದ ರೊಟ್ಟಿ ಖಾನಾವಳಿಗಳ ಬೋರ್ಡು ನೋಡಿದರೇ ತಿಳಿಯುತ್ತೆ. ಮಾಮನ ಮನೆ ಮಹಡಿ ಮೇಲಿನ ಶೀಟಿನ ಮನೆ. ಸೋಮವಾರ ರಾತ್ರಿ ಹತ್ತಿರದ ಗುಡಿಯಲ್ಲಿ ಭಜನೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಹಾರ್ಮೋನಿಯಂ. ಎಲ್ಲರೂ ಶಿಫ್ಟ್ ಮುಗಿಸಿ ಬಂದವರೇ, ಕೈಗೆ ಆಯಿಲ್ ವಾಸನೆ. ಷರೀಫರು ಗಿರಣಿಯ ಮೇಲೂ ಒಂದು ಪದ ಕಟ್ಟಿದ್ದಾರೆ. ಅದನ್ನು ಮಾಮ ಹಾಡಿದರೆ ಹೊರಗೆ ಪ್ರೆಸ್ ಬಡಿಯುವ ಸದ್ದೂ ಹಿಮ್ಮೇಳಕ್ಕೆ ಸೇರಿದ ಹಾಗಿರುತ್ತಿತ್ತು. "ಷರೀಫಜ್ಜ ಪೀಣ್ಯಾಕ ಬಂದಿದ್ರ ಲೇತ್ ಮ್ಯಾಲೂ ಒಂದ್ ಪದಾ ಕಟ್ತಿದ್ದ" ಅನ್ನೋನು.

2009ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ತೀರಿಕೊಂಡರು. ಅವತ್ತು ಅವರ ಹುಟ್ಟುಹಬ್ಬ, ಎಪ್ಪತ್ತು ತುಂಬಿದ ದಿನ. ಷರೀಫರೂ ಹುಟ್ಟಿದ ದಿನವೇ ಹೋದರು ಅನ್ನೋದು ನಮ್ಮ ಕಡೆಯ ನಂಬಿಕೆ. ಮಾಮ ಕೆಲಸದಿಂದ ಬಂದವನು ಮಾತೇ ಆಡಲಿಲ್ಲ. ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾಕ್ಕೆ ಅಶ್ವತ್ಥ್ ಮಾಡಿದ ಹಾಡುಗಳ ಕ್ಯಾಸೆಟ್ ಅವನ ಹತ್ತಿರ ಇತ್ತು, 1990ರದು, ಟೇಪು ಸವೆದು ದನಿ ಅಲುಗುತ್ತಿತ್ತು. ಅವತ್ತು ಟೇಪ್ ರೆಕಾರ್ಡರ್ ಅದನ್ನು ನುಂಗಿಬಿಟ್ಟಿತು. ಪೆನ್ಸಿಲ್ ಹಾಕಿ ಸುತ್ತುತ್ತಾ ಕೂತಿದ್ದ.

ನಾನು, ಹತ್ತೊಂಬತ್ತರ ಜಾಣ, ಸಮಾಧಾನ ಮಾಡಲಿಕ್ಕೆ ಹೋಗಿ ಮೊಬೈಲಲ್ಲಿ ರಘು ದೀಕ್ಷಿತ್ ಹಚ್ಚಿದೆ. ಸೋರುವ ಮಾಳಿಗೆಯ ಹಾಡು. ಡ್ರಮ್ಸ್ ಬಂತು. ಮಾಮ ಎದ್ದು ಬಂದು ಫೋನ್ ಕಿತ್ತುಕೊಂಡ.

"ಹೆಣದ ಮುಂದ ಬ್ಯಾಂಡ್ ಬಾರಸ್ತಿ ಏನ್ಲೇ? ಮನಿ ಸೋರಾಕ ಹತ್ತೈತಿ, ಇವ ಕುಣ್ಯಾಕ ಹತ್ಯಾನ."

ನಾನೂ ಸುಮ್ಮನಿರಲಿಲ್ಲ. ನಿಮ್ಮ ಹಾಡು ಈ ರೂಮು ಬಿಟ್ಟು ಹೊರಗೆ ಹೋಗಲ್ಲ, ಅವರದು ಜಗತ್ತು ಸುತ್ತುತ್ತೆ ಅಂದೆ. ಆ ತಿಂಗಳೇ ಹಾಸ್ಟೆಲ್ ಸೇರಿದೆ. ಅಷ್ಟೇ. ಹಬ್ಬಕ್ಕೆ ಹೋಗ್ತಿದ್ದೆ, ಊಟ ಮಾಡ್ತಿದ್ದೆ. ಹಾಡಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. 'ಈ ರೂಮು' ಅಂದದ್ದು ನನಗೇ ಆಗಾಗ ಚುಚ್ಚುತ್ತಿತ್ತು. ಫೀಸು ಕಟ್ಟಿದ್ದು ಆ ರೂಮಿನ ಓವರ್‌ಟೈಮ್ ದುಡ್ಡಿನಿಂದಲೇ.

ಸಂಪಿಗೆ ರಸ್ತೆ ಹತ್ತಿರ ರೈಲು ನೆಲದಡಿಯಿಂದ ಮೇಲೆ ಬಂತು. ಮೋಡ ಕಟ್ಟಿತ್ತು. ಗೊರಗುಂಟೆಪಾಳ್ಯದಲ್ಲಿ ಕೆಳಗೆ ನೋಡಿದರೆ ಎಂದಿನ ಹಾಗೆ ಬ್ಯಾಗು ಹಿಡಿದು ಬಸ್ಸಿಗೆ ಕಾಯುವವರು. ಪೀಣ್ಯದಲ್ಲಿ ಇಳಿಯುವಾಗ ಹನಿ ಶುರು.

ಮನೆಯಲ್ಲಿ ಅರ್ಧ ಸಾಮಾನು ಆಗಲೇ ಗೋಣಿಚೀಲದಲ್ಲಿತ್ತು. ಮಾಲೀಕರು ಮನೆ ಒಡೆದು ನಾಲ್ಕು ಅಂತಸ್ತಿನ ಪಿಜಿ ಕಟ್ಟಿಸುತ್ತಾರಂತೆ. "ಬಂದೆಪಾ? ಕುಂದ್ರು. ಚಾ ಕುಡಿ" ಅಂದ ಮಾಮ. ಅತ್ತೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿದ್ದಳು. ತಾಟುಗಳೆಲ್ಲ ಕಟ್ಟಿಬಿಟ್ಟಿದ್ದರಿಂದ ಪೇಪರ್ ಮೇಲೇ ಉಂಡೆವು. ಮಳೆ ಜೋರಾಯಿತು. ಶೀಟಿನ ಸಂದಿಯಿಂದ ನೀರು ಇಳಿಯಿತು. ಬಕೀಟನ್ನೂ ಕಟ್ಟಿಬಿಟ್ಟಿದ್ದರು. ಅತ್ತೆ ಬೈಕೊಂಡು ಗಂಟು ಬಿಚ್ಚಿ ಇಟ್ಟಳು. ಟಪ್, ಟಪ್, ಟಪ್.

ಮೂವರೂ ಅದನ್ನೇ ನೋಡ್ತಾ ಕೂತೆವು. ನಗು ಮೊದಲು ಬಂದದ್ದು ಅತ್ತೆಗೆ.

"ಹಚ್ಚಪಾ ನಿಂದು" ಅಂದ ಮಾಮ.

"ಯಾವುದು ಮಾಮಾ?"

"ಯಾವ್ದಂದ್ರ? ಬ್ಯಾಂಡಿನವಂದು. ಸೋರೂದು."

ಹಚ್ಚಿದೆ. ಫೋನನ್ನು ಖಾಲಿ ಸ್ಟೀಲ್ ಡಬ್ಬಿಯೊಳಗೆ ಇಟ್ಟ, ದನಿ ದೊಡ್ಡದಾಗಲಿ ಅಂತ. ಪೂರ್ತಿ ಕೇಳಿದ. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಅಂದ: "ದನಿ ಛಲೋ ಐತಿ. ಆದ್ರ ಓಡ್ತಾನ. ಇದು ಓಡೂ ಪದಾ ಅಲ್ಲ. ಕತ್ತಲದಾಗ ಒಬ್ಬಾವ ಕುಂತು ಮ್ಯಾಲ ನೋಡೂ ಪದಾ."

ಈ ವಿಷಯದಲ್ಲಿ ಅವನು ಹೇಳಿದ್ದು ಸರಿ ಅಂತ ನನಗೂ ಅನ್ನಿಸುತ್ತೆ, ಈಗ. ಷರೀಫರ ಸೋರುವ ಮನೆ ಇಟ್ಟಿಗೆಯದಲ್ಲ, ಅದು ಅಜ್ಞಾನದಿಂದ ಸೋರುವ ಮನೆ. ಡ್ರಮ್ಸ್ ಜೋಶ್‌ನಲ್ಲಿ ಆ ಕತ್ತಲು ಕಮ್ಮಿ ಆಗುತ್ತೆ. ಗುಡುಗುಡಿಯ ಹಾಡಿಗೆ ಆ ತೊಂದರೆ ಇಲ್ಲ, ಅದರಲ್ಲೇ ಒಂದು ಕುಣಿತ ಇದೆ, ರಾಕ್ ಅದಕ್ಕೆ ಕೂತುಬಿಡುತ್ತೆ. ಆದರೂ ಹತ್ತೊಂಬತ್ತರಲ್ಲಿ ನನ್ನನ್ನು ಷರೀಫರ ಹತ್ತಿರ ಕರೆದೊಯ್ದದ್ದು ಆ ಡ್ರಮ್ಸೇ. ಏಕತಾರಿ ಮೊದಲಿಂದ ಪಕ್ಕದ ಗುಡಿಯಲ್ಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಅದನ್ನೇ ಮಾಮನಿಗೆ ಹೇಳಿದೆ. ಅವನು ಹಗ್ಗ ಕಟ್ಟುತ್ತಾ, ತಲೆ ಎತ್ತದೆ, ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದ. ಅಶ್ವತ್ಥ್ ಕ್ಯಾಸೆಟ್ ಮೊದಲ ಸಲ ಊರಿಗೆ ಒಯ್ದಾಗ ಅವನ ಅಪ್ಪ, ಅಂದರೆ ನನ್ನ ಅಜ್ಜ, ಬೈದಿದ್ದನಂತೆ. "ಇಷ್ಟೊಂದು ಪಿಟೀಲು, ತಬಲಾ, ಅದೇನೇನೋ... ಏಕತಾರಿ ಎಲ್ಲೈತಿ? ಸಿನಿಮಾ ಮಾಡ್ಯಾನ ಪದಾನ, ಅಂದಿದ್ದ. ನಾನೂ ಸಿಟ್ಟ ಮಾಡ್ಕೊಂಡ್ ಮರದಿನಾನ ಬಸ್ ಹತ್ತಿ ಬಂದಿದ್ದೆ."

"ಆಮೇಲೆ?"

"ಆಮ್ಯಾಲ ಏನ್? ಅವ ಹ್ವಾದ. ಕೇಳಾಕ ಆಗಲಿಲ್ಲ."

ನಾನು ಸುಮ್ಮನಿರಲಾಗದೆ ಅಮೆರಿಕದ ಹುಡುಗನ ಕಥೆ ಹೇಳಿದೆ. ದೇವಸ್ಥಾನದಂಥ ಜಾಗದಲ್ಲಿ ಹಿರಿಯರು ಕೂಗಾಡುತ್ತಿದ್ದಾಗ ಅಜ್ಜಿಗೆ ಅಂತ ಹಾಡಿದ್ದನ್ನು. 'ಹಿಕರಿ ವಿಂಡ್' ಹಚ್ಚಿದೆ. ಮಾತು ಅವನಿಗೆ ಒಂದೂ ತಿಳಿಯಲಿಲ್ಲ. ಸ್ಟೀಲ್ ಗಿಟಾರ್ ಜಾರಿದಲ್ಲಿ ಮಾತ್ರ ಕೈ ನಿಂತಿತು. "ಇದು ಯಾವ ವಾದ್ಯ?" ಅಂದ. ಉಕ್ಕಿನ ತುಂಡು ತಂತಿ ಮೇಲೆ ಜಾರಿಸೋದು ಅಂದೆ. "ಉಕ್ಕಂದ್ರ ನಮ್ ಕೆಲಸಾನ ಅಲಾ" ಅಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗ ಏನಾದ?" ಅಂತ ಕೇಳಿದ.

"ತೀರಿಕೊಂಡ ಮಾಮಾ. ಇಪ್ಪತ್ತಾರಕ್ಕೆ."

"ಅಯ್ಯ ಶಿವನ" ಅಂದಳು ಅತ್ತೆ ಒಳಗಿಂದ.

ಮಳೆ ಕಮ್ಮಿ ಆಗಿತ್ತು. ಟೆಂಪೊದವನು ಕೆಳಗಿಂದ ಹಾರ್ನ್ ಹಾಕಿದ. ಮಾಮ ಏಕತಾರಿಯನ್ನು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿ, ಇದು ಸಾಮಾನಿನ ಜೊತೆ ಬ್ಯಾಡ, ನನ್ನ ತೊಡಿ ಮ್ಯಾಲ ಇರಲಿ ಅಂದ. ಕ್ಯಾಸೆಟ್‌ಗಳಿದ್ದ ಬಿಸ್ಕಿಟ್ ಡಬ್ಬಿ ನನ್ನ ಕೈಗಿತ್ತ. ಟೇಪ್ ರೆಕಾರ್ಡರ್ ಇಲ್ಲ ಮಾಮಾ, ನಾನೇನು ಮಾಡಲಿ ಅಂದೆ. "ಅದೇನೋ ಫೋನಿನ್ಯಾಗ ಇಳಿಸ್ತಾರಲಾ, ಇಳಿಸು. ನಿನ್ನ ಬ್ಯಾಂಡಿನವನ ಮಗ್ಗಲಕ ಇಡು" ಅಂದ. ಬಕೀಟಿನ ನೀರು ಚೆಲ್ಲಿ, ಅದನ್ನು ಕೊನೆಯದಾಗಿ ಗಾಡಿಗೆ ಹಾಕಿದೆವು.

ವಾಪಸ್ ಮೆಟ್ರೊದಲ್ಲಿ ಇಯರ್‌ಫೋನ್ ಹಾಕಲಿಲ್ಲ. ತೊಡೆ ಮೇಲೆ ಡಬ್ಬಿ ಇತ್ತು. ಎದುರು ಕೂತಿದ್ದ ಒಂದು ಚಿಕ್ಕ ಹುಡುಗಿ, ಅದರಲ್ಲಿ ಬಿಸ್ಕಿಟ್ ಇದೆಯೇನೋ ಅಂತ, ಹೂಡಿ ಬರುವವರೆಗೂ ಅದನ್ನೇ ನೋಡ್ತಿದ್ದಳು.